ಪಿಸ್ತೂಲು ಸುತ್ತಿಟ್ಟು ಕೊಡಲಿ ಹಿಡಿದವನು

ಕೊಟ್ಟಿಗೆಯ ಹಿಂದೆ ಒಂದು ಹಳೇ ಮರದ ಬೊಡ್ಡೆ. ಮರ ಯಾವ ಕಾಲಕ್ಕೋ ಹೋಗಿದೆ, ಬೊಡ್ಡೆ ಮಾತ್ರ ಬೇರು ಇಳಿಸಿಕೊಂಡು ಕೂತಿದೆ. ಜೋ ಸ್ಟಾರೆಟ್ ಎಂಬ ರೈತ ಬಿಡುವು ಸಿಕ್ಕಾಗೆಲ್ಲ ಅದಕ್ಕೆ ಕೊಡಲಿ ಏಟು ಹಾಕುತ್ತಲೇ ಬಂದಿದ್ದಾನೆ. ಅದು ಜಗ್ಗಿಲ್ಲ. ಅವನ ಮನೆಗೆ ಈಗಷ್ಟೇ ಬಂದಿಳಿದ ಅಪರಿಚಿತನೊಬ್ಬ, ಯಾರೂ ಕೇಳದೆ, ಕೊಡಲಿ ಎತ್ತಿಕೊಂಡು ಆ ಬೊಡ್ಡೆಯ ಹತ್ತಿರ ಹೋಗುತ್ತಾನೆ. ಒಂದು ಬೇರಿಗೆ ಏಟು ಹಾಕಲು ಶುರು ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ಜೋ ಕೂಡ ಇನ್ನೊಂದು ಕೊಡಲಿ ಹಿಡಿದು ಎದುರಿಗೆ ನಿಲ್ಲುತ್ತಾನೆ. ಇಬ್ಬರ ನಡುವೆ ಮಾತಿಲ್ಲ. ಬಿಸಿಲು ಏರುತ್ತದೆ, ಇಳಿಯುತ್ತದೆ, ಇವರು ಕಡಿಯುತ್ತಲೇ ಇದ್ದಾರೆ.

ಜೋನ ಹೆಂಡತಿ ಮೇರಿಯನ್ ತನ್ನ ಟೋಪಿಯನ್ನು ಪಟ್ಟಣದ ಹೊಸ ಫ್ಯಾಷನ್ನಿಗೆ ತಕ್ಕಂತೆ ತಿದ್ದಿಕೊಂಡು ಬಂದು ತೋರಿಸುತ್ತಾಳೆ. ಇಬ್ಬರಿಗೂ ನೋಡಲು ಪುರುಸೊತ್ತಿಲ್ಲ. ಕುದುರೆ ಕಟ್ಟಿ ಎಳೆಸಬಾರದಾ ಎಂಬ ಮಾತು ಬರುತ್ತದೆ. ಬೇಡ ಎನ್ನುತ್ತಾನೆ ಜೋ. ಇದನ್ನು ಮನುಷ್ಯರ ಬಲದಿಂದಲೇ ಸೋಲಿಸಬೇಕು ಅಂತ ಅವನ ಹಟ. ಇವರನ್ನು ನೋಡುತ್ತ ನಿಂತವಳಿಗೆ ಒಲೆಯೊಳಗಿದ್ದ ಆಪಲ್ ಪೈ ನೆನಪೇ ಇಲ್ಲ. ಅದು ಸೀದು ಕರಕಲಾಗುತ್ತದೆ. ಕೊನೆಗೆ ಬೊಡ್ಡೆ ಮಗುಚಿ ಬೀಳುತ್ತದೆ. ಆಮೇಲೆ ಅವಳೂ ಹಟ ಹಿಡಿದು ಇನ್ನೊಂದು ಪೈ ಮಾಡುತ್ತಾಳೆ.

ಜ್ಯಾಕ್ ಶೇಫರ್ ಬರೆದ ‘ಶೇನ್’ ಕಾದಂಬರಿಯ ಶುರುವಿನ ಭಾಗ ಇದು. ವೆಸ್ಟರ್ನ್ ಕಾದಂಬರಿ ಅಂದರೆ ನಮ್ಮ ಕಣ್ಣಿಗೆ ಬರುವುದು ಏನು? ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳು ತುಂಬಿದ ಬೀದಿ, ಎದುರು ಬದುರು ನಿಂತ ಇಬ್ಬರು ಗಂಡಸರು. ಅದೆಲ್ಲ ಈ ಪುಸ್ತಕದಲ್ಲೂ ಇದೆ. ಆದರೆ ಶೇಫರ್ ತನ್ನ ನಾಯಕನನ್ನು ನಮಗೆ ನಿಜವಾಗಿ ತೋರಿಸಿಕೊಡುವುದು ಈ ಬೊಡ್ಡೆಯ ಮುಂದೆ. ಮೊದಲ ಗುಂಡು ಹಾರುವುದಕ್ಕೆ ಬಹಳ ಮುಂಚೆ, ಅವನ ಬೆವರನ್ನು ನಾವು ನೋಡಿರುತ್ತೇವೆ. ಪ್ರತಿ ಸಲ ಓದುವಾಗಲೂ ಇಲ್ಲಿಗೆ ಬಂದಾಗ ನಾನು ನಿಧಾನ ಮಾಡುತ್ತೇನೆ.

ಪುಸ್ತಕ ಚಿಕ್ಕದು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಿಡಿದರೆ ಸಂಜೆ ಕಾಫಿಯ ಹೊತ್ತಿಗೆ ಮುಗಿದಿರುತ್ತದೆ. 1946ರಲ್ಲಿ ‘ಆರ್ಗಸಿ’ ಎಂಬ ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಧಾರಾವಾಹಿಯಾಗಿ ಬಂತು, 1949ರಲ್ಲಿ ಪುಸ್ತಕವಾಯಿತು. ಶೇಫರ್ ಹುಟ್ಟಿದ್ದು 1907ರಲ್ಲಿ, ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಪೂರ್ವ ಕರಾವಳಿಯ ಊರುಗಳಲ್ಲಿ ಪತ್ರಕರ್ತನಾಗಿ ದುಡಿಯುತ್ತಿದ್ದ. ಈ ಕಾದಂಬರಿ ಬರೆಯುವಾಗ ಆತ ಓಹಿಯೋ ದಾಟಿ ಪಶ್ಚಿಮಕ್ಕೆ ಹೋಗಿಯೇ ಇರಲಿಲ್ಲ. ಕಥೆ ನಡೆಯುವ ವಯೋಮಿಂಗ್‌ನ ಬೆಟ್ಟ, ಹುಲ್ಲು, ಹೊಳೆ ಎಲ್ಲವನ್ನೂ ಹಳೇ ದಾಖಲೆ, ಪುಸ್ತಕ ಓದಿಯೇ ಕಟ್ಟಿದ. ಬಹುಶಃ ಅದಕ್ಕೇ ಪುಸ್ತಕದಲ್ಲಿ ಪ್ರಕೃತಿ ವರ್ಣನೆ ಕಡಿಮೆ. ಮನುಷ್ಯರು ನಿಲ್ಲುವ, ಕೂರುವ, ನೋಡುವ ರೀತಿಯ ವರ್ಣನೆ ಜಾಸ್ತಿ. ನನಗೇನೋ ಅದರಿಂದ ಲಾಭವೇ ಆಗಿದೆ ಅನಿಸುತ್ತದೆ.

ಕಥೆ 1889ರ ಬೇಸಿಗೆಯದು. ಹೇಳುವವನು ಬಾಬ್, ಜೋ ಮತ್ತು ಮೇರಿಯನ್ ದಂಪತಿಯ ಮಗ. ಆಗ ಅವನು ಚಿಕ್ಕ ಹುಡುಗ. ಈಗ ದೊಡ್ಡವನಾಗಿ ನೆನಪು ಮಾಡಿಕೊಂಡು ಹೇಳುತ್ತಿದ್ದಾನೆ. ಬೇಲಿಯ ಮೇಲೆ ಕೂತಿದ್ದಾಗ ದೂರದಲ್ಲಿ ಒಬ್ಬ ಕುದುರೆ ಸವಾರ ಕಾಣುತ್ತಾನೆ. ದಾರಿಯಲ್ಲಿ ಎದುರಾದ ಇಬ್ಬರು ದನಗಾಹಿಗಳು ಅವನು ದಾಟಿ ಹೋದ ಮೇಲೂ ಕುದುರೆ ನಿಲ್ಲಿಸಿ ತಿರುಗಿ ನೋಡುತ್ತಾರೆ. ಮುಂದೆ ದಾರಿ ಎರಡಾಗುವ ಜಾಗ. ಒಂದು ಕವಲು ಹೊಳೆ ದಾಟಿ ಲ್ಯೂಕ್ ಫ್ಲೆಚರ್ ಎಂಬ ದೊಡ್ಡ ದನದ ಧಣಿಯ ರ‍್ಯಾಂಚಿಗೆ ಹೋಗುತ್ತದೆ. ಇನ್ನೊಂದು ಸಣ್ಣ ರೈತರ ಮನೆಗಳ ಕಡೆಗೆ. ಸವಾರ ಅಲ್ಲಿ ಒಂದು ಕ್ಷಣ ನಿಂತು, ರೈತರ ಕಡೆಯ ದಾರಿ ಹಿಡಿಯುತ್ತಾನೆ. ಕುದುರೆಗೂ ತನಗೂ ನೀರು ಕೇಳುತ್ತಾನೆ. ಹೆಸರು ಕೇಳಿದರೆ ‘ಶೇನ್’ ಅಂತ ಕರೆಯಿರಿ ಎನ್ನುತ್ತಾನೆ. ಅಷ್ಟೇ. ಹಿಂದೆ ಏನಾಗಿದ್ದ, ಎಲ್ಲಿಂದ ಬಂದ, ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಸಣ್ಣ ಸಣ್ಣ ಗುರುತುಗಳಿಂದ. ಊಟಕ್ಕೆ ಕೂರುವಾಗ ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸಿಕೊಳ್ಳುತ್ತಾನೆ. ಯಾರಾದರೂ ಬಂದರೆ ಅವರಿಗಿಂತ ಮೊದಲೇ ಇವನಿಗೆ ಗೊತ್ತಾಗಿರುತ್ತದೆ. ಆ ಸೀಮೆಯ ಗಂಡಸರೆಲ್ಲ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡುವಾಗ ಇವನ ಸೊಂಟ ಖಾಲಿ. ಆದರೆ ಅವನ ಕಂಬಳಿಯ ಸುರುಳಿಯೊಳಗೆ ಪಿಸ್ತೂಲು ಇರುವುದನ್ನು ಬಾಬ್ ಕೊಟ್ಟಿಗೆಯಲ್ಲಿ ನೋಡುತ್ತಾನೆ. ಚೆನ್ನಾಗಿ ಎಣ್ಣೆ ಹಾಕಿ ಒರೆಸಿಟ್ಟ, ತುಂಬ ಬಳಸಿದ ಪಿಸ್ತೂಲು. ಅದನ್ನು ಎಸೆದೂ ಇಲ್ಲ, ಕಟ್ಟಿಕೊಂಡೂ ಇಲ್ಲ. ಇಡೀ ಕಾದಂಬರಿಯ ಬಿಗಿ ಇರುವುದು ಆ ಕಂಬಳಿಯ ಸುರುಳಿಯಲ್ಲಿ.

ಜೋ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಮೊದಲಿದ್ದ ಆಳನ್ನು ಫ್ಲೆಚರ್‌ನ ಕಡೆಯವರು ಹೊಡೆದು ಓಡಿಸಿದ್ದರು. ಚಳಿಗಾಲಕ್ಕೆ ಮುಂಚೆ ಮೇವು ಕೊಯ್ಯಬೇಕು, ಬೇಲಿ ಆಗಬೇಕು. ಶೇನ್ ಪೇಟೆಗೆ ಹೋಗಿ ಕೆಲಸದ ಬಟ್ಟೆ ಕೊಂಡು ತರುತ್ತಾನೆ. ತನ್ನ ಕಪ್ಪು ರೇಷ್ಮೆ ಕರ್ಚೀಫು, ನಯವಾದ ಕಪ್ಪು ಟೋಪಿ ಎಲ್ಲ ಪಕ್ಕಕ್ಕಿಟ್ಟು ಹೊಲಕ್ಕಿಳಿಯುತ್ತಾನೆ. ಗಮನಿಸಿ, ಅತ್ಯುತ್ತಮ ವೆಸ್ಟರ್ನ್ ಕಾದಂಬರಿ ಅಂತ 1985ರಲ್ಲಿ ಅಮೆರಿಕದ ವೆಸ್ಟರ್ನ್ ಲೇಖಕರ ಸಂಘದವರೇ ಆರಿಸಿದ ಪುಸ್ತಕ ಇದು. ಇದರ ನಾಯಕ ಕೌಬಾಯ್ ಅಲ್ಲವೇ ಅಲ್ಲ. ಅವನು ಕೂಲಿಯಾಳು. ಕೌಬಾಯ್‌ಗಳು ಇರುವುದು ಎದುರು ಪಕ್ಷದಲ್ಲಿ, ಫ್ಲೆಚರ್‌ನ ಸಂಬಳದಲ್ಲಿ.

ಈ ಎರಡು ಪಕ್ಷಗಳ ಜಗಳ ಏನು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಫ್ಲೆಚರ್ ಸುಮ್ನೆ ಒಬ್ಬ ಕೆಟ್ಟ ಮನುಷ್ಯನಾಗಿ ಕಾಣುತ್ತಾನೆ. ವಯೋಮಿಂಗ್‌ನ ಹುಲ್ಲುಗಾವಲು ಬಹುಪಾಲು ಸರ್ಕಾರದ್ದು. ನಮ್ಮ ಗೋಮಾಳದ ಹಾಗೆ ಅಂದುಕೊಳ್ಳಿ. ದನ ಇದ್ದವರು ಬಿಟ್ಟು ಮೇಯಿಸುತ್ತಿದ್ದರು. ಸಾವಿರಗಟ್ಟಲೆ ದನ ಇದ್ದವರು ಆ ಹುಲ್ಲೆಲ್ಲ ತಮ್ಮದೇ ಎಂದು ನಂಬಿದರು. ಇನ್ನೊಂದು ಕಡೆ, 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಯಾರು ಬೇಕಾದರೂ 160 ಎಕರೆಗೆ ಹೆಸರು ಬರೆಸಿ, ಐದು ವರ್ಷ ಅಲ್ಲೇ ವಾಸವಿದ್ದು ಬೇಸಾಯ ಮಾಡಿದರೆ ಅದು ಅವರದಾಗುತ್ತಿತ್ತು. ಬಂದವರು ಮೊದಲು ನೋಡುತ್ತಿದ್ದದ್ದು ಹೊಳೆಯ ದಂಡೆ. ನೀರು ಇವರ ಬೇಲಿಯೊಳಗೆ ಹೋದರೆ ಧಣಿಯ ಹುಲ್ಲುಗಾವಲಿಗೆ ಬೆಲೆಯೇ ಇಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟ್ ಪಡೆದಿದ್ದ. ಮರವೇ ಇಲ್ಲದ ಬಯಲಿನಲ್ಲೂ ಅಗ್ಗದಲ್ಲಿ ಬೇಲಿ ಹಾಕಬಹುದಾಯಿತು. 1886–87ರ ಚಳಿಗಾಲದಲ್ಲಿ ಹಿಮ ಬಿದ್ದು ಬಯಲಿನಲ್ಲಿದ್ದ ದನಗಳು ಲಕ್ಷಗಟ್ಟಲೆ ಸತ್ತವು. ದೊಡ್ಡ ದೊಡ್ಡ ಕಂಪನಿಗಳು ಮುಳುಗಿದವು. ಉಳಿದ ಧಣಿಗಳು ಹೆದರಿದ್ದರು. ಹೆದರಿದ ಶ್ರೀಮಂತರು ಏನು ಮಾಡುತ್ತಾರೆ ಅನ್ನುವುದಕ್ಕೆ ಮುಂದಿನ ಐದಾರು ವರ್ಷದ ವಯೋಮಿಂಗ್ ಸಾಕ್ಷಿ.

ಶೇಫರ್‌ನ ಫ್ಲೆಚರ್ ಮೊದಲು ಬೆದರಿಸುತ್ತಾನೆ, ಆಮೇಲೆ ಹಣ ಕೊಡುತ್ತೇನೆ ಎನ್ನುತ್ತಾನೆ, ಅದೂ ಆಗದಿದ್ದಾಗ ಸ್ಟಾರ್ಕ್ ವಿಲ್ಸನ್ ಎಂಬ ಬಾಡಿಗೆ ಕೊಲೆಗಾರನನ್ನು ಕರೆಸುತ್ತಾನೆ. ವಿಲ್ಸನ್ ರೈತರಲ್ಲೊಬ್ಬನಾದ ಅರ್ನಿ ರೈಟ್‌ನನ್ನು ಕೆಣಕಿ, ಅವನೇ ಮೊದಲು ಪಿಸ್ತೂಲಿಗೆ ಕೈ ಹಾಕುವ ಹಾಗೆ ಮಾಡಿ, ಕೊಲ್ಲುತ್ತಾನೆ. ಮುಂದಿನ ಸರದಿ ಜೋನದು. ಜೋಗೆ ಅದು ಗೊತ್ತು. ಹೋದರೆ ಸಾಯುತ್ತೇನೆ ಅಂತಲೂ ಗೊತ್ತು. ಆದರೂ ಹೋಗಲು ಸಿದ್ಧನಾಗುತ್ತಾನೆ. ತಾನು ಹೋದರೆ ಹೆಂಡತಿ ಮಗನನ್ನು ತನಗಿಂತ ಚೆನ್ನಾಗಿ ನೋಡಿಕೊಳ್ಳುವ ಒಬ್ಬ ಇದ್ದಾನೆ ಎಂದು ಮೇರಿಯನ್‌ಗೆ ಹೇಳುತ್ತಾನೆ.

ಈ ಮಾತಿನ ಮುಂದೆ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಮೇರಿಯನ್ ಮತ್ತು ಶೇನ್ ನಡುವೆ ಏನೋ ಇದೆ ಅನ್ನುವುದು ಜೋಗೆ ಮೊದಲಿನಿಂದ ಗೊತ್ತಿದೆ. ಮೂವರೂ ಅದರ ಬಗ್ಗೆ ಜೋರಾಗಿ ಮಾತಾಡುವುದಿಲ್ಲ. ಯಾರೂ ಯಾರಿಗೂ ಮೋಸ ಮಾಡುವುದಿಲ್ಲ. ಜೋ ಅಸೂಯೆ ಪಡುವುದಿಲ್ಲ ಅಂತಲ್ಲ, ಅಸೂಯೆಗಿಂತ ದೊಡ್ಡದೊಂದನ್ನು ಅವನು ಆ ಮನುಷ್ಯನಲ್ಲಿ ಕಂಡಿದ್ದಾನೆ. ಬೊಡ್ಡೆ ಕಡಿದ ದಿನವೇ ಕಂಡಿದ್ದ. ಇದೆಲ್ಲ ಬಾಬ್‌ಗೆ ಅರ್ಧಂಬರ್ಧ ಅರ್ಥವಾಗುತ್ತದೆ. ಹುಡುಗನ ಬಾಯಿಂದ ಹೇಳಿಸಿದ್ದರಿಂದಲೇ ಶೇಫರ್‌ಗೆ ಇಂಥ ನಾಜೂಕಾದ ವಿಷಯವನ್ನು ಕೆಡಿಸದೆ ಬರೆಯಲು ಆಯಿತು. ದೊಡ್ಡವರು ಹೇಳಿದ್ದರೆ ವಿವರಣೆ ಬರುತ್ತಿತ್ತು. ಹುಡುಗ ನೋಡಿದ್ದನ್ನಷ್ಟೇ ಹೇಳುತ್ತಾನೆ. ಅಮ್ಮ ಏನು ಕೇಳಿದಳು, ಶೇನ್ ಏನು ಉತ್ತರ ಕೊಟ್ಟ, ಅಪ್ಪ ಎತ್ತ ನೋಡಿದ.

ಶೇನ್ ಕಂಬಳಿ ಬಿಚ್ಚುತ್ತಾನೆ. ಜೋನನ್ನು ಪಿಸ್ತೂಲಿನಿಂದ ತಲೆಗೆ ಹೊಡೆದು ಬೀಳಿಸಿ, ತಾನೇ ಪೇಟೆಗೆ ಹೋಗುತ್ತಾನೆ. ಬಾಬ್ ಕತ್ತಲಲ್ಲಿ ಹಿಂದೆಯೇ ಓಡುತ್ತಾನೆ. ಗ್ರಾಫ್ಟನ್‌ನ ಸಲೂನಿನಲ್ಲಿ, ಅಂದರೆ ಹೆಂಡದಂಗಡಿಯಲ್ಲಿ, ವಿಲ್ಸನ್ ಸಾಯುತ್ತಾನೆ. ಮೇಲಿನಿಂದ ಗುಂಡು ಹಾರಿಸಿದ ಫ್ಲೆಚರ್ ಕೂಡ ಸಾಯುತ್ತಾನೆ. ಗಾಯವಾದ ಶೇನ್ ಕುದುರೆ ಹತ್ತಿ ಹೊರಟುಹೋಗುತ್ತಾನೆ. ಹೋಗುವ ಮುಂಚೆ ಬಾಬ್‌ಗೆ ಹೇಳುವುದು ಇಷ್ಟು: ಮನುಷ್ಯ ಏನಾಗಿದ್ದಾನೋ ಅದೇ ಆಗಿರುತ್ತಾನೆ, ಆ ಅಚ್ಚನ್ನು ಮುರಿಯಲು ಪ್ರಯತ್ನಪಟ್ಟೆ, ಸೋತೆ. ಗುಂಡಿನ ಕಾಳಗ ಬೇಗ ಮುಗಿಯುತ್ತದೆ. ಅದರ ಬಗ್ಗೆ ಜಾಸ್ತಿ ಬರೆಯುವ ಆಸೆ ಶೇಫರ್‌ಗೂ ಇರಲಿಲ್ಲ, ನನಗೂ ಇಲ್ಲ.

ಕಾಳಗದ ನಂತರ ಬರುವ ಒಂದು ದೃಶ್ಯ ಇದೆ, 1953ರ ಸಿನಿಮಾದಲ್ಲಿ ಅದು ಇಲ್ಲ. ಶೇನ್ ಹೋದ ಮೇಲೆ ಜೋ ಕುಸಿದುಹೋಗುತ್ತಾನೆ. ಈ ಜಾಗ ಬಿಟ್ಟುಬಿಡೋಣ, ಮಾರಿ ಬೇರೆ ಕಡೆ ಹೋಗೋಣ ಎನ್ನುತ್ತಾನೆ. ಆಗ ಮೇರಿಯನ್ ಅವನನ್ನು ದನದ ದೊಡ್ಡಿಗೆ ಕರೆದುಕೊಂಡು ಹೋಗಿ ಒಂದು ಕಂಬ ತೋರಿಸುತ್ತಾಳೆ. ಶೇನ್ ನೆಟ್ಟ ಕಂಬ. ಇದನ್ನು ಅಲುಗಾಡಿಸು ನೋಡೋಣ ಎನ್ನುತ್ತಾಳೆ. ಊರಿಗೆಲ್ಲ ಗಟ್ಟಿಗನಾದ ಜೋ ಮೈಯೆಲ್ಲ ಬಲ ಹಾಕಿ ನೂಕುತ್ತಾನೆ. ಕಂಬ ಮಿಸುಕುವುದಿಲ್ಲ. ಅವನು ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾನೆ ಎಂದು ಅವಳು ಹೇಳುತ್ತಾಳೆ.

ಸಿನಿಮಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಜಾರ್ಜ್ ಸ್ಟೀವನ್ಸ್ ನಿರ್ದೇಶನ, ವಯೋಮಿಂಗ್‌ನ ಜ್ಯಾಕ್ಸನ್ ಹೋಲ್ ಕಣಿವೆಯಲ್ಲಿ ಚಿತ್ರೀಕರಣ, ಹಿಂದೆ ಟೀಟಾನ್ ಬೆಟ್ಟಗಳ ಸಾಲು. ಆದರೆ ಪುಸ್ತಕದ ಶೇನ್ ಕಪ್ಪು ಕೂದಲಿನ, ಒಳಗೊಳಗೇ ಕುದಿಯುವ ಮನುಷ್ಯ. ಸಿನಿಮಾದ ಆಲನ್ ಲ್ಯಾಡ್ ಹೊಂಬಣ್ಣದ ಕೂದಲಿನ ಸುಂದರ. ಸಿನಿಮಾದ ಕೊನೆಯಲ್ಲಿ ಹುಡುಗ ವಾಪಸ್ ಬಾ ಎಂದು ಕೂಗುವುದು ಜಗತ್ತಿಗೆಲ್ಲ ನೆನಪಿದೆ. ಪುಸ್ತಕದ ಬಾಬ್ ಹಾಗೆ ಕೂಗುವುದಿಲ್ಲ. ಪುಸ್ತಕಕ್ಕೆ ಬೇಕಾದದ್ದು ಆ ಕಂಬ. ಶೇನ್ ಕೊಟ್ಟುಹೋದದ್ದು ಎರಡು ಹೆಣವನ್ನಲ್ಲ, ಒಂದು ಬೇಸಿಗೆಯ ಕೆಲಸವನ್ನು ಅಂತ ಹೇಳುವುದಕ್ಕೆ ಅದೊಂದೇ ಕಂಬ ಸಾಕು. ನನ್ನ ಲೆಕ್ಕದಲ್ಲಿ ಈ ಕಾದಂಬರಿ ಉಳಿದುಕೊಂಡಿರುವುದೇ ಅದರಿಂದ. ವೀರ ಯಾರು ಅಂತ ಕೇಳಿದರೆ ಶೇಫರ್ ಪಿಸ್ತೂಲಿನ ವೇಗ ತೋರಿಸುವುದಿಲ್ಲ. ಒಂದು ಕಂಬವನ್ನು ಎಷ್ಟು ಆಳಕ್ಕೆ ನೆಟ್ಟ ಅಂತ ತೋರಿಸುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ಬರಹ ಸುಖವಾಗಿ ಮುಗಿಯುತ್ತದೆ. ಆದರೆ ಆ ಇಸವಿ, 1889ರ ಬೇಸಿಗೆ, ನನ್ನನ್ನು ಬಿಡುವುದಿಲ್ಲ.

ಅದೇ ಬೇಸಿಗೆ, ಜುಲೈ 20ರಂದು, ಅದೇ ವಯೋಮಿಂಗ್‌ನ ಸ್ವೀಟ್‌ವಾಟರ್ ಹೊಳೆಯ ಹತ್ತಿರ, ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನೂ ಅವಳ ನೆರೆಯವನಾದ ಜಿಮ್ ಅವೆರೆಲ್ ಎಂಬವನನ್ನೂ ಒಂದು ಮರಕ್ಕೆ ನೇಣು ಹಾಕಿದರು. ಹಾಕಿದವರು ಆರು ಜನ ದನದ ಧಣಿಗಳು. ಎಲ್ಲಾ ವಾಟ್ಸನ್ ಕೆನಡಾದಲ್ಲಿ ಹುಟ್ಟಿದವಳು. 160 ಎಕರೆಗೆ ತನ್ನದೇ ಹೆಸರು ಬರೆಸಿದ್ದಳು. ಮನೆ ಕಟ್ಟಿಕೊಂಡಿದ್ದಳು, ಬೇಲಿ ಹಾಕಿದ್ದಳು, ಒಂದಿಷ್ಟು ದನ ಕೊಂಡಿದ್ದಳು. ಅವಳ ಜಮೀನಿನಲ್ಲಿ ನೀರಿತ್ತು. ಪಕ್ಕದ ಧಣಿ ಆಲ್ಬರ್ಟ್ ಬಾತ್‌ವೆಲ್‌ಗೆ ಆ ಜಾಗದ ಮೇಲೆ ಕಣ್ಣಿತ್ತು. ಇವು ಇಂಥವರ ದನ ಎಂದು ತೋರಿಸಲು ದನಗಳ ಮೈಮೇಲೆ ಹಾಕುವ ಮುದ್ರೆಗೆ ಅವಳು ಅರ್ಜಿ ಹಾಕಿದರೆ ತಿರಸ್ಕರಿಸುತ್ತಿದ್ದರು. ಕೊನೆಗೆ ಇನ್ನೊಬ್ಬರ ಹೆಸರಿನಲ್ಲಿದ್ದ ಮುದ್ರೆಯನ್ನೇ ಕೊಂಡುಕೊಂಡಳು. ದನ ಕದ್ದಳು ಎಂಬ ಆರೋಪ ಹೊರಿಸಿ ಹಾಡಹಗಲೇ ಕರೆದೊಯ್ದು ಕೊಂದರು. ಶಾಯೆನ್ ನಗರದ ಪತ್ರಿಕೆಗಳು ಕೆಲವೇ ದಿನಗಳಲ್ಲಿ ಅವಳಿಗೆ ‘ಕ್ಯಾಟಲ್ ಕೇಟ್’ ಎಂಬ ಅಡ್ಡಹೆಸರಿಟ್ಟು, ನಡತೆಗೆಟ್ಟವಳು, ಕಳ್ಳಿ ಎಂದು ಬರೆದವು. ಸಾಕ್ಷಿ ಹೇಳಬೇಕಾದವರು ಸತ್ತರು, ಇಲ್ಲವೇ ಕಾಣೆಯಾದರು. ಯಾರಿಗೂ ಶಿಕ್ಷೆ ಆಗಲಿಲ್ಲ. ನೂರು ವರ್ಷ ಕಳೆದ ಮೇಲೆ ಇತಿಹಾಸಕಾರರು ದಾಖಲೆ ಕೆದಕಿ, ಅವಳು ಕಳ್ಳಿಯಲ್ಲ, ಸಾಮಾನ್ಯ ಹೋಮ್‌ಸ್ಟೆಡ್ ರೈತ ಹೆಂಗಸು ಎಂದು ವಾದಿಸಿದರು.

ಮೂರು ವರ್ಷದ ನಂತರ, 1892ರ ಏಪ್ರಿಲ್‌ನಲ್ಲಿ, ಧಣಿಗಳು ಟೆಕ್ಸಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿದರು. ಶಾಯೆನ್‌ನಿಂದ ಕ್ಯಾಸ್ಪರ್‌ಗೆ ವಿಶೇಷ ರೈಲು. ಅಲ್ಲಿಂದ ಕುದುರೆ ಮೇಲೆ ಜಾನ್ಸನ್ ಕೌಂಟಿ ಎಂಬ ಜಿಲ್ಲೆಗೆ. ಸುಮಾರು 50 ಜನ, ಕೈಯಲ್ಲಿ ಕೊಲ್ಲಬೇಕಾದವರ ಪಟ್ಟಿ. ಮೊದಲು ಸಿಕ್ಕವರು ಒಂದಿಷ್ಟು ದನ ಸಾಕಿಕೊಂಡಿದ್ದ ನೇಟ್ ಚಾಂಪಿಯನ್ ಮತ್ತು ಅವನ ಗೆಳೆಯ ನಿಕ್ ರೇ. ರೇ ಬೆಳಿಗ್ಗೆಯೇ ಗುಂಡು ತಿಂದ. ಚಾಂಪಿಯನ್ ಒಬ್ಬನೇ ಆ ಸಣ್ಣ ಮನೆಯೊಳಗಿಂದ ಮಧ್ಯಾಹ್ನದವರೆಗೆ ಅಷ್ಟೂ ಜನರನ್ನು ತಡೆದ. ನಡುನಡುವೆ ಒಂದು ಪುಟ್ಟ ಪುಸ್ತಕದಲ್ಲಿ ಏನಾಗುತ್ತಿದೆ ಅಂತ ಬರೆದ. ಗೆಳೆಯ ಸತ್ತದ್ದು, ಗುಂಡಿನ ಸುರಿಮಳೆ, ಮನೆಗೆ ಬೆಂಕಿ ಬಿದ್ದದ್ದು. ಬೆಂಕಿಯಿಂದ ಹೊರಗೆ ಓಡಿದಾಗ ಹೊಡೆದು ಬೀಳಿಸಿದರು. ಸುದ್ದಿ ಕೇಳಿ ಕೌಂಟಿಯ ಜನ ನೂರಾರು ಸಂಖ್ಯೆಯಲ್ಲಿ ಎದ್ದು ಬಂದು ಈ ಗುಂಪನ್ನು ಟಿಎ ರ‍್ಯಾಂಚಿನಲ್ಲಿ ಮುತ್ತಿದರು. ಆಗ ಸರ್ಕಾರದ ಅಶ್ವಸೈನ್ಯ ಬಂತು. ಬಂದದ್ದು ಯಾರನ್ನು ಉಳಿಸಲು ಗೊತ್ತಾ? ಕೊಲೆಗಾರರನ್ನು. ಮುಂದಿನ ವರ್ಷ ಕೇಸು ಬಿದ್ದುಹೋಯಿತು.

ಎಲ್ಲಾ ವಾಟ್ಸನ್‌ಗೆ ಯಾವ ಶೇನ್ ಕೂಡ ಬರಲಿಲ್ಲ. ಚಾಂಪಿಯನ್‌ಗೂ ಬರಲಿಲ್ಲ. ಈ ವಿಷಯ ಓದಿದ ಮೇಲೆ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡರೆ ಆ ಮೊದಲ ಪುಟದ ಸವಾರ ಬೇರೆಯೇ ಆಗಿ ಕಾಣುತ್ತಾನೆ. ಬರಬೇಕಾಗಿತ್ತು, ಬರಲಿಲ್ಲ, ಅದಕ್ಕೇ ಅರವತ್ತು ವರ್ಷ ಆದಮೇಲೆ ಒಬ್ಬ ಪತ್ರಕರ್ತ ಕಾಗದದ ಮೇಲೆ ಅವನನ್ನು ಕಳಿಸಿಕೊಟ್ಟ. ಶೇಫರ್ ಅದೇ ಇಸವಿಯನ್ನು ಯಾಕೆ ಆರಿಸಿದ ಎಂದು ನಾನು ಊಹೆ ಮಾಡಲು ಹೋಗುವುದಿಲ್ಲ. ಆದರೆ ಆರಿಸಿದ್ದಾನೆ ಅನ್ನುವುದು ನನಗೆ ದೊಡ್ಡ ವಿಷಯ.

ಮತ್ತೆ ಈ ಜಗಳದಲ್ಲಿ ಎದುರು ಪಕ್ಷದ ಕಾದಂಬರಿಯೂ ಇದೆ. ಅದೇ ಮೊದಲು ಬಂದದ್ದು, ಕೌಬಾಯ್ ನಾಯಕನನ್ನು ಅಮೆರಿಕಕ್ಕೆ ಕೊಟ್ಟದ್ದೂ ಅದೇ. ಓವನ್ ವಿಸ್ಟರ್‌ನ ‘ದಿ ವರ್ಜೀನಿಯನ್’, 1902. ವಿಸ್ಟರ್ ಫಿಲಡೆಲ್ಫಿಯಾದ ಶ್ರೀಮಂತ ಮನೆತನದವನು, ಹಾರ್ವರ್ಡ್‌ನಲ್ಲಿ ಓದಿದವನು. ಪುಸ್ತಕವನ್ನು ಅರ್ಪಿಸಿದ್ದು ತನ್ನ ಗೆಳೆಯ, ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ. ಆರೋಗ್ಯ ಸುಧಾರಿಸಲಿ ಅಂತ 1885ರಲ್ಲಿ ಮೊದಲ ಸಲ ವಯೋಮಿಂಗ್‌ಗೆ ಹೋದಾಗ ಅವನು ಉಳಿದುಕೊಂಡದ್ದು ಫ್ರ್ಯಾಂಕ್ ವಾಲ್ಕಾಟ್ ಎಂಬವನ ರ‍್ಯಾಂಚಿನಲ್ಲಿ. ಏಳು ವರ್ಷದ ನಂತರ ಜಾನ್ಸನ್ ಕೌಂಟಿಗೆ ನುಗ್ಗಿದ ಗುಂಪಿನ ಮುಖಂಡ ಇದೇ ವಾಲ್ಕಾಟ್. ಹೀಗಾಗಿ ವಿಸ್ಟರ್‌ನ ನಾಯಕ ಧಣಿಗಳ ಪಕ್ಷದಲ್ಲಿರುವುದು ಆಶ್ಚರ್ಯವಲ್ಲ. ಅವನು ಹೆಸರಿಲ್ಲದವನು, ಸುಂದರ, ಮಿತಭಾಷಿ, ಮರ್ಯಾದೆಯವನು. ದನ ಕದ್ದ ತನ್ನ ಸ್ವಂತ ಗೆಳೆಯ ಸ್ಟೀವ್‌ನನ್ನು ನೇಣಿಗೆ ಹಾಕುತ್ತಾನೆ. ಅವನು ಪ್ರೀತಿಸುವ ಶಾಲಾ ಶಿಕ್ಷಕಿ ಮಾಲಿ ಬೆಚ್ಚಿಬೀಳುತ್ತಾಳೆ. ಆಗ ಜಡ್ಜ್ ಹೆನ್ರಿ ಅವಳನ್ನು ಕೂರಿಸಿಕೊಂಡು, ಕೋರ್ಟು ಕೆಲಸ ಮಾಡದ ಕಡೆ ಇಂಥ ನೇಣು ನ್ಯಾಯವೇ ಎಂದು ವಿವರಿಸುತ್ತಾನೆ.

ಆ ಅಧ್ಯಾಯ ಚೆನ್ನಾಗಿ ಬರೆದಿದ್ದಾನೆ, ಸ್ಟೀವ್ ಸಾಯುವ ಬೆಳಗಿನ ಭಾಗವಂತೂ ಮರೆಯಲಾಗದು. ಆದರೆ ಜಡ್ಜ್ ಹೆನ್ರಿಯ ಮಾತನ್ನು ಎಲ್ಲಾ ವಾಟ್ಸನ್ ಹೆಸರು ನೆನಪಿಟ್ಟುಕೊಂಡು ಓದಿದರೆ ಹೊಟ್ಟೆ ತೊಳಸುತ್ತದೆ. ಪ್ರತಿಭೆ ಇರುವ ಲೇಖಕ ತನಗೆ ಊಟ ಹಾಕಿದವರ ಪರ ಬರೆದ ವಾದ ಅದು. ಮೊದಲ ಕೌಬಾಯ್ ವೀರ ಹುಟ್ಟಿದ್ದೇ ಹೀಗೆ ಅನ್ನುವುದನ್ನು ಓದುಗರು ತಿಳಿದಿರಬೇಕು. ಆಮೇಲೆ ಬಂದ ಸಾವಿರಾರು ವೆಸ್ಟರ್ನ್‌ಗಳಲ್ಲಿ ಯಾರ ಬೇಲಿ, ಯಾರ ದನ, ಯಾರ ನೀರು ಅಂತ ಕೇಳಿಕೊಂಡು ಓದಿದರೆ ಎಷ್ಟೋ ವೀರರ ಮುಖ ಬದಲಾಗುತ್ತದೆ.

ನಿಜವಾದ ಕೌಬಾಯ್ ಈ ಎರಡು ಪುಸ್ತಕದಲ್ಲೂ ಅಷ್ಟಾಗಿ ಇಲ್ಲ. ಅವನು ತಿಂಗಳಿಗೆ 30ರಿಂದ 40 ಡಾಲರ್ ಸಂಬಳಕ್ಕೆ ದುಡಿಯುತ್ತಿದ್ದ ಹುಡುಗ. ಹಗಲಿಡೀ ದನಗಳ ಹಿಂದೆ ಧೂಳು ತಿಂದು, ರಾತ್ರಿ ಕಾವಲಿಗೂ ಎದ್ದು ಹೋಗಬೇಕು. ಟೆಕ್ಸಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳವರೆಗೆ ತಿಂಗಳುಗಟ್ಟಲೆ ದನ ಹೊಡೆದುಕೊಂಡು ಹೋಗುವ ದೊಡ್ಡ ಯುಗ ಅಂತರ್ಯುದ್ಧದ ನಂತರದ ಇಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಹಗ್ಗ ಬೀಸುವುದು, ಜೀನು, ಮುದ್ರೆ ಹಾಕುವುದು ಎಲ್ಲ ಕಲಿಸಿಕೊಟ್ಟವರು ಮೆಕ್ಸಿಕೋದ ದನಗಾಹಿಗಳು. ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದವನು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ದನಗಾಹಿಯಾದ ನ್ಯಾಟ್ ಲವ್ 1907ರಲ್ಲಿ ಆತ್ಮಕಥೆಯನ್ನೇ ಬರೆದ. ವಿಸ್ಟರ್‌ನ ನಾಯಕನಿಗೆ ಐದೇ ವರ್ಷ ಕಿರಿಯ ಪುಸ್ತಕ. ಯಾವುದು ಮನೆಮಾತಾಯಿತು, ಯಾವುದು ಮೂಲೆಗೆ ಬಿತ್ತು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಮೂಲನಿವಾಸಿಗಳ ಮಾತು ಬಂದರೆ ‘ಶೇನ್’ ಕೂಡ ತಲೆ ತಗ್ಗಿಸಬೇಕು. ಫ್ಲೆಚರ್‌ಗೆ ಆ ಹುಲ್ಲುಗಾವಲು ಇಷ್ಟು ಅವಸರವಾಗಿ ಯಾಕೆ ಬೇಕು? ಸೂ ಎಂಬ ಬುಡಕಟ್ಟಿನ ಜನರನ್ನು ಕೂಡಿಹಾಕಿದ ಮೀಸಲು ಪ್ರದೇಶಕ್ಕೆ ಮಾಂಸ ಒದಗಿಸುವ ಸರ್ಕಾರಿ ಗುತ್ತಿಗೆಗಾಗಿ. ಆ ಜನರ ಕಾಡೆಮ್ಮೆಗಳನ್ನೆಲ್ಲ ಕೊಂದು, ನೆಲ ಕಸಿದು, ರೇಷನ್ನಿಗೆ ಕೈಚಾಚುವಂತೆ ಮಾಡಿದ ಮೇಲೆ ಹುಟ್ಟಿದ ವ್ಯಾಪಾರ ಅದು. ಇಡೀ ಕಣಿವೆಯ ರಕ್ತಪಾತದ ಬೇರು ಅಲ್ಲಿದೆ. ಕಾದಂಬರಿ ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಜೋನ 160 ಎಕರೆಗೂ ಮೊದಲು ಯಾರೋ ಇದ್ದರು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಶೇಫರ್‌ಗೆ ಆಮೇಲೆ ಬಂದಿರಬೇಕು. 1953ರಲ್ಲಿ ಆತ ಬರೆದ ‘ದಿ ಕ್ಯಾನ್ಯನ್’ ಒಬ್ಬ ಶಾಯೆನ್ ಬುಡಕಟ್ಟಿನ ಯುವಕನ ಕಥೆ. ಅದರಲ್ಲಿ ಬಿಳಿಯರ ಕಾಳಗವೇ ಇಲ್ಲ. ಸಣ್ಣ ಪುಸ್ತಕ, ತುಂಬ ಶಾಂತವಾದ ಪುಸ್ತಕ.

ಈ ಸವಾರ ನಮ್ಮ ಸೀಮೆಗೂ ಬಂದು ಹೋಗಿದ್ದಾನೆ. 1975ರ ‘ಶೋಲೆ’ಯ ರಾಮಗಢವನ್ನು ಕಟ್ಟಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಅಲ್ಲೂ ದುಡಿದು ತಿನ್ನುವ ಹಳ್ಳಿ, ಅಲ್ಲೂ ಹೊರಗಿನಿಂದ ಬರುವ ಬಂದೂಕುಗಾರರು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಆ ಬೆಟ್ಟಗಳು ಕಂಡಾಗ ಪಕ್ಕದ ಸೀಟಿನವರು ಸಿನಿಮಾದ ಮಾತು ತೆಗೆಯುತ್ತಾರೆ. ನನಗೆ ಮಾತ್ರ ವಯೋಮಿಂಗ್ ನೆನಪಾಗುತ್ತದೆ. ಹಳ್ಳಿಯವರಿಗೆ ಯಾಕೆ ಯಾವಾಗಲೂ ಹೊರಗಿನವನೇ ಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಜಾನ್ಸನ್ ಕೌಂಟಿಯ ರೈತರು ಯಾರಿಗೂ ಕಾಯದೆ ತಾವೇ ಎದ್ದು ಬಂದಿದ್ದರು. ಅವರ ಮೇಲೆ ಇಷ್ಟು ಪ್ರೀತಿಯ ಒಂದು ಕಾದಂಬರಿಯನ್ನು ನಾನಿನ್ನೂ ಓದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ‘ಶೇನ್’ ಮೇಲಿನ ಪ್ರೀತಿ ಕಡಿಮೆ ಆಯಿತೇ ಅಂದರೆ, ಇಲ್ಲ. ಜಾಸ್ತಿಯಾಗಿದೆ. ಈ ಪುಸ್ತಕ ಕೊಲ್ಲುವವನನ್ನು ಮೆರೆಸುವುದಿಲ್ಲ. ಕೊಲ್ಲಬಲ್ಲವನೊಬ್ಬ ಒಂದು ಬೇಸಿಗೆ ಪೂರ್ತಿ ಕೊಲ್ಲದೆ ಇರಲು ಪಟ್ಟ ಪಾಡನ್ನು ಹೇಳುತ್ತದೆ. ಬಾಬ್‌ಗೆಂದು ಸೋಡಾ ಕೊಳ್ಳಲು ಹೋದಾಗ ಫ್ಲೆಚರ್‌ನ ಆಳು ಕ್ರಿಸ್ ಎಲ್ಲರೆದುರು ಹಂಗಿಸುತ್ತಾನೆ. ಶೇನ್ ಸುಮ್ಮನೆ ಹೊರಗೆ ಬರುತ್ತಾನೆ. ಊರೆಲ್ಲ ನಗುತ್ತದೆ. ಆ ನಗು ಉಳಿದ ರೈತರ ಮೇಲೂ ಬೀಳತೊಡಗಿದಾಗಲೇ ಅವನು ವಾಪಸ್ ಹೋಗಿ ಕ್ರಿಸ್‌ನ ಕೈ ಮುರಿಯುವುದು. ಮುರಿದಾಗಲೂ ಅವನ ಮುಖದಲ್ಲಿ ಗೆಲುವಿಲ್ಲ, ಆ ಹುಡುಗನ ಬಗ್ಗೆ ಮರುಕ ಇದೆ. ಕೊನೆಗೆ ಆ ಕ್ರಿಸ್ ಫ್ಲೆಚರ್‌ನನ್ನು ಬಿಟ್ಟು ಜೋನ ಮನೆಗೆ ಕೆಲಸ ಕೇಳಿಕೊಂಡು ಬರುತ್ತಾನೆ. ಒಬ್ಬ ಕೌಬಾಯ್ ಬೇಲಿಯ ಈಚೆಗೆ ಬಂದ. ಶೇನ್ ಗೆದ್ದ ಒಂದೇ ಒಂದು ನಿಜವಾದ ಗೆಲುವು ಇದು ಅಂತ ನನ್ನ ಅಭಿಪ್ರಾಯ. ಇದನ್ನೂ ಸಿನಿಮಾದವರು ಬೇರೆ ಥರ ಮಾಡಿದ್ದಾರೆ.

ಪುಸ್ತಕ ಬಂದ ಮೇಲೆ ಶೇಫರ್ ಪಶ್ಚಿಮಕ್ಕೆ ಹೋದ, ನ್ಯೂ ಮೆಕ್ಸಿಕೋದ ಸಾಂಟಾ ಫೆ ಹತ್ತಿರ ನೆಲೆಸಿದ, 1991ರಲ್ಲಿ ಅಲ್ಲೇ ತೀರಿಕೊಂಡ. ಕಣ್ಣಾರೆ ಕಂಡ ಮೇಲೆ 1963ರಲ್ಲಿ ‘ಮಾಂಟಿ ವಾಲ್ಶ್’ ಬರೆದ. ಅದು ನಿಜವಾದ ಕೌಬಾಯ್ ಕಾದಂಬರಿ. ಸ್ಲ್ಯಾಶ್ ವೈ ಎಂಬ ರ‍್ಯಾಂಚಿನ ಆಳುಗಳು, ಅವರ ತಮಾಷೆ, ಕುದುರೆ ಪಳಗಿಸುವುದು, ಸಂಬಳದ ದಿನ, ಒಬ್ಬೊಬ್ಬರಾಗಿ ಕೆಲಸ ಕಳೆದುಕೊಳ್ಳುವುದು. ಮಾಂಟಿಯ ಜೀವದ ಗೆಳೆಯ ಚೆಟ್ ರಾಲಿನ್ಸ್ ಮದುವೆಯಾಗಿ ವ್ಯಾಪಾರಕ್ಕೆ ಇಳಿಯುತ್ತಾನೆ. ಮಾಂಟಿ ಕುದುರೆ ಬಿಟ್ಟು ಇಳಿಯಲು ಒಪ್ಪುವುದಿಲ್ಲ. ‘ಶೇನ್’ ಇಷ್ಟಪಟ್ಟವರು ಅದನ್ನು ಖಂಡಿತ ಓದಬೇಕು. ದಪ್ಪ ಪುಸ್ತಕ, ಶುರುವಿನಲ್ಲಿ ನಿಧಾನ ಅನಿಸುತ್ತದೆ, ಬಿಡಿ ಬಿಡಿ ಕಥೆಗಳ ಹಾಗೆ ಇದೆ. ಆತುರ ಪಡದೆ ಒಂದೊಂದು ಅಧ್ಯಾಯ ಓದಿ. ಅರ್ಧ ದಾಟುವ ಹೊತ್ತಿಗೆ ಆ ಆಳುಮನೆಯ ಹುಡುಗರೆಲ್ಲ ನಿಮಗೆ ಹೆಸರು ಹಿಡಿದು ಗೊತ್ತಾಗಿರುತ್ತಾರೆ.